ಗಂಗವ್ವನ ನಾಡಿಯ ಗಾಲಿ

ಕಳೆದ ತಿಂಗಳು ಹಾವೇರಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಸಿಂಕ್ ಸೋರುತ್ತಿತ್ತು. ನಳ ರಿಪೇರಿಯವನು ಬಂದು, ಕಲ್ಲಿಗೂ ಸ್ಟೀಲಿಗೂ ನಡುವಿನ ಸಂದಿಯಲ್ಲಿ ಬಿಳಿ ಸಿಲಿಕೋನ್ ಅಂಟನ್ನು ಎಳೆಯುತ್ತಾ ಹೋದ. ಐದು ನಿಮಿಷದಲ್ಲಿ ಕೋಣೆಯ ತುಂಬ ಹುಳಿ ವಾಸನೆ, ಕೆಟ್ಟ ಉಪ್ಪಿನಕಾಯಿಯ ಭರಣಿಯ ಮುಚ್ಚಳ ತೆಗೆದ ಹಾಗೆ.

"ಒಣಗಿದ ಮ್ಯಾಲ ವಾಸನಿ ಹೋಗತೈತ್ರಿ" ಅಂದ.

"ಹೋಗೂದಿಲ್ಲ" ಎಂದು ನಾನು ಅವನ ಮೇಲೆ ರೇಗಿದೆ. ಪಾಪ, ಅವನು ಅಂಟಿನ ಕೊಳವೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದ. ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಇಷ್ಟು ವರ್ಷಗಳಾದರೂ ಆ ವಾಸನೆಗೆ ನನ್ನ ಹಲ್ಲು ಕಚ್ಚಿಕೊಳ್ಳುತ್ತವೆ. ಆ ವಾಸನೆಯಲ್ಲಿ ನಾನು ಒಂದು ಇಡೀ ಬೇಸಿಗೆ ಕಳೆದಿದ್ದೇನೆ. ಆ ಬೇಸಿಗೆಯ ಕೊನೆಗೆ ನಾನು ಮಾಡಿದ ಒಂದು ಸಹಿ ಇನ್ನೂ ಎಲ್ಲೋ ಒಂದು ಕಡತದಲ್ಲಿದೆ.

ಅದು ಎರಡು ಸಾವಿರದ ಆರನೇ ಇಸವಿ. ನನಗೆ ಇಪ್ಪತ್ತಾರು. ಗುತ್ತಲದಿಂದ ಹಾವೇರಿಗೆ ಬಂದು, ಬಾಡಿಗೆ ಕೋಣೆಯಲ್ಲಿದ್ದುಕೊಂಡು, ದಿನಾ ಬಸ್ಸಿನಲ್ಲಿ ರಾಣೆಬೆನ್ನೂರಿನ ಕಡೆಗೆ ಕೆಲಸಕ್ಕೆ ಹೋಗುತ್ತಿದ್ದೆ. ಹೆದ್ದಾರಿಯ ಪಕ್ಕದಲ್ಲಿ ಒಂದು ಸಣ್ಣ ಖಾಸಗಿ ತಾಂತ್ರಿಕ ಸಂಸ್ಥೆ, ಅಲ್ಲಿ ನಾನು ಕಿರಿಯ ಉಪನ್ಯಾಸಕಿ. ಈಗ ಅದಿಲ್ಲ, ಕಟ್ಟಡದಲ್ಲಿ ಬೀಜದ ಗೋದಾಮಿದೆ. ಅದರ ಮುಖ್ಯಸ್ಥರು ಬೆಂಗಳೂರಿನ ಕಡೆಯವರು, ವಸಂತ ಸರ್ ಅನ್ನುತ್ತಿದ್ದೆವು. ಮಾತು ಮೆತ್ತಗೆ, ಅಂಗಿ ಯಾವಾಗಲೂ ಇಸ್ತ್ರಿ. ನಗರದ ಒಂದು ದೊಡ್ಡ ಆಸ್ಪತ್ರೆಯ ಜೊತೆ ಸೇರಿ ಅವರು ಒಂದು ಯಂತ್ರ ತಯಾರಿಸುತ್ತಿದ್ದರು.

ಹೃದಯದ ಶಸ್ತ್ರಚಿಕಿತ್ಸೆಗೆ ಎದೆಯನ್ನು ಪೂರ್ತಿ ಸೀಳದೆ, ಸಣ್ಣದೊಂದು ರಂಧ್ರದಿಂದ ಸೂಜಿಯಂಥ ಉಪಕರಣವನ್ನು ಒಳಗೆ ಬಿಡುವುದು. ವೈದ್ಯರ ಕಣ್ಣಿಗೆ ಹೃದಯ ಕಾಣುವುದಿಲ್ಲ. ಪರದೆಯ ಮೇಲೆ ಅದರ ಸ್ಕ್ಯಾನ್ ಚಿತ್ರ ಕಾಣುತ್ತದೆ. ಸೂಜಿಯ ತುದಿ ಎಲ್ಲಿದೆ, ಯಾವ ಜಾಗ ಮುಟ್ಟಬೇಕು, ಮುಟ್ಟಿತೋ ಇಲ್ಲವೋ ಎಂಬುದನ್ನೆಲ್ಲ ಪರದೆಯೇ ಹೇಳುತ್ತದೆ. ಮೇಜಿನ ಮೇಲೆ ಅಲ್ಲಾಡದೆ ಕುಳಿತ ವಸ್ತುವಿನಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆದರೆ ಹೃದಯ ಅಲ್ಲಾಡದೆ ಕುಳಿತಿರುವುದಿಲ್ಲ. ಅದು ಬಡಿಯುತ್ತದೆ, ಉಸಿರಿನ ಜೊತೆ ಮೇಲೆ ಕೆಳಗೆ ಜಾರುತ್ತದೆ. ಹಾಗಾಗಿ ಮನುಷ್ಯರ ಮೇಲೆ ಪ್ರಯೋಗಿಸುವ ಮೊದಲು ಬಡಿಯುವ ಒಂದು ಕೃತಕ ಹೃದಯ ಬೇಕಾಗಿತ್ತು. ಅದನ್ನು ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಬ್ಯಾಡಗಿಯಲ್ಲಿ ಮೌನೇಶಪ್ಪನವರಿದ್ದಾರೆ, ಅವರು ಮಾಡಲಾರದ್ದು ಯಾವುದೂ ಇಲ್ಲ ಎಂದು ನಮ್ಮ ಲೇಥ್ ಕೆಲಸದವನು ಹೇಳಿದ. ಮೋಟೆಬೆನ್ನೂರು ಕ್ರಾಸಿನಲ್ಲಿ ಇಳಿದು, ಟೆಂಪೋ ಹಿಡಿದು ಹೋದೆ. ಮೆಣಸಿನಕಾಯಿ ಸುಗ್ಗಿ. ಊರೆಲ್ಲ ಕೆಂಪು ಚೀಲಗಳು, ಊರೆಲ್ಲ ಸೀನು. ಪೇಟೆಯ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು. ಐವತ್ತು ದಾಟಿದ, ತೆಳ್ಳನೆಯ ಒಬ್ಬರು ಖಾರ ಕುಟ್ಟುವ ಯಂತ್ರವೊಂದನ್ನು ಬಿಚ್ಚಿಕೊಂಡು ಕುಳಿತಿದ್ದರು. ಆ ಯಂತ್ರದ ಕಬ್ಬಿಣದ ಒನಕೆಗಳನ್ನು ಎತ್ತಿ ಬಿಡುವುದು ಒಂದು ಕಡೆ ಉಬ್ಬಿದ ಗಾಲಿಗಳು. ನಮ್ಮ ಪುಸ್ತಕದಲ್ಲಿ ಅದಕ್ಕೆ ಕ್ಯಾಮ್ ಅನ್ನುತ್ತಾರೆ. ಮೌನೇಶಪ್ಪ ಉಬ್ಬುಗಾಲಿ ಅನ್ನುತ್ತಿದ್ದರು.

ನಾನು ಹಾವೇರಿಯ ಕಾಲೇಜೊಂದರ ಕಪಾಟಿನಿಂದ ಬೇಡಿ ತಂದಿದ್ದ ಪ್ಲಾಸ್ಟರ್ ಹೃದಯವನ್ನು ಚೀಲದಿಂದ ತೆಗೆದು ಅವರ ಮುಂದಿಟ್ಟೆ.

"ಇಂಥಾದು ರಬ್ಬರಿನ್ಯಾಗ ಬೇಕ್ರಿ. ಬಡೀಬೇಕು."

ಅವರು ಅದನ್ನು ಎತ್ತಿ ತಿರುಗಿಸಿ ನೋಡಿದರು. "ಯಾರಿಗೆ ಹಾಕ್ತೀರಿ ಇದನ್ನ?"

"ಯಾರಿಗೂ ಹಾಕೂದಿಲ್ರಿ. ಒಂದು ಮಷೀನ್ ಪರೀಕ್ಷಾ ಮಾಡೂದೈತಿ. ಮನಷ್ಯಾರಿಗೆ ಚುಚ್ಚೂಕಿಂತ ಮೊದ್ಲ ಇದಕ್ಕ ಚುಚ್ಚಿ ನೋಡ್ಬೇಕು."

"ಅಂದ್ರ ಆ ಮಷೀನಿನ ತಪ್ಪು ಹಿಡಿಯಾಕ ಇರೂದು ಇದು."

"ಹೌದ್ರಿ."

"ಹಂಗಾರ ಮಾಡೋಣ ಬಿಡ್ರಿ ಅಕ್ಕಾರ." ಕಲಿಸುವ ಹೆಂಗಸರನ್ನೆಲ್ಲ ಅವರು ಅಕ್ಕಾರು ಎಂದೇ ಕರೆಯುತ್ತಿದ್ದರು.

ಮೂರು ತಿಂಗಳು ಹಿಡಿಯಿತು. ಮಣ್ಣಿನಲ್ಲಿ ಅಚ್ಚು ಮಾಡಿ ಸಿಲಿಕೋನ್ ತುಂಬಿ ಒಣಗಿಸಿದರೆ, ಬಿಡಿಸುವಾಗ ಹರಿಯುತ್ತಿತ್ತು. ಮತ್ತೆ ಅಚ್ಚು, ಮತ್ತೆ ಹುಳಿ ವಾಸನೆ. ಹೊರಗೆ ಖಾರದ ಘಾಟು, ಒಳಗೆ ಇದು. ನಾಲ್ಕನೆಯ ಹೃದಯ ಹರಿಯದೆ ಹೊರಬಂತು. ಅದನ್ನು ನೀರಿನ ಗಾಜಿನ ತೊಟ್ಟಿಯಲ್ಲಿಟ್ಟು, ಹೊರಗಿನ ಮೋಟಾರಿನಿಂದ ಎರಡು ಸರಳುಗಳನ್ನು ಜೋಡಿಸಿದರು. ಒಂದು ಹೃದಯವನ್ನು ಹಿಂಡಿ ತಿರುಚುತ್ತಿತ್ತು, ಇನ್ನೊಂದು ಉಸಿರಾಟದ ಹಾಗೆ ನಿಧಾನವಾಗಿ ಅದನ್ನು ಎತ್ತಿ ಇಳಿಸುತ್ತಿತ್ತು. ಹೃದಯದ ಗೋಡೆಯೊಳಗೆ ಒಂದು ಹಿತ್ತಾಳೆಯ ಮಣಿ ಹುದುಗಿಸಿ, ಅದಕ್ಕೆ ತಂತಿ ಕೊಟ್ಟೆವು. ಸೂಜಿಯ ತುದಿ ಮಣಿಯನ್ನು ಮುಟ್ಟಿದರೆ ಮಾತ್ರ ಹೊರಗಿನ ಕೆಂಪು ಬಲ್ಬು ಹೊತ್ತಿಕೊಳ್ಳುತ್ತದೆ. ಅದು ಮೌನೇಶಪ್ಪನವರದೇ ಉಪಾಯ.

ಅವರ ಹೆಂಡತಿ ಗಂಗವ್ವ ಶೆಡ್ಡಿನ ಬಾಗಿಲಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಚಿಕ್ಕವರಿದ್ದಾಗ ಬಂದ ಜ್ವರ ಹೃದಯದ ಕವಾಟವೊಂದನ್ನು ಕೆಡಿಸಿತ್ತು, ವರ್ಷಗಳಿಂದ ಗುಳಿಗೆಯ ಮೇಲಿದ್ದರು. ಒಂದು ಮಧ್ಯಾಹ್ನ ಅವರು ತೊಟ್ಟಿಯನ್ನು ನೋಡುತ್ತಾ ಅಂದರು: "ಇದು ಭಾಳ ಶಿಸ್ತಿಲೆ ಬಡ್ಯಾಕತ್ತೈತಿ. ನನ್ದು ಹಿಂಗ ಇಲ್ಲ."

ನಾನು ಅವರ ಮಣಿಕಟ್ಟು ಹಿಡಿದು ನೋಡಿದೆ. ಎರಡು ಬಡಿತ ಲಗುಬಗೆ, ಒಂದು ತಡ, ಮತ್ತೊಂದು ಸಿಗುವುದೇ ಇಲ್ಲ. ಮೌನೇಶಪ್ಪ ಬಂದು ಇನ್ನೊಂದು ಕೈ ಹಿಡಿದರು. ಕಣ್ಣು ಮುಚ್ಚಿ, ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಗೀಟು ಹಾಕುತ್ತಾ ಹೋದರು. ದೂರ ದೂರ, ಹತ್ತಿರ ಹತ್ತಿರ, ಒಂದು ಖಾಲಿ ಜಾಗ. ಗಂಡ ಹೆಂಡತಿಯ ಕೈ ಹಿಡಿದದ್ದು ಹೊರಗಿನವಳ ಕಣ್ಣಿಗೆ ಬಿತ್ತೆಂದು ಗಂಗವ್ವ ನಾಚಿ ಸೆರಗಿನಲ್ಲಿ ನಕ್ಕರು.

ವಾರದಲ್ಲಿ ಒಂದು ಹೊಸ ಗಾಲಿ ಸಿದ್ಧವಾಯಿತು. ಅದರ ಅಂಚಿನ ಉಬ್ಬುಗಳು ಸಮ ಅಂತರದಲ್ಲಿರಲಿಲ್ಲ. ಆ ಗಾಲಿ ಹಾಕಿದರೆ ರಬ್ಬರಿನ ಹೃದಯ ಗಂಗವ್ವನ ಹಾಗೆ ಬಡಿಯುತ್ತಿತ್ತು.

"ಆರಾಮ ಇದ್ದವ್ರು ಯಾರರ ಎದಿಗೆ ಸೂಜಿ ಹಾಕಿಸ್ಕೊಳ್ಳಾಕ ಬರ್ತಾರೇನ್ರಿ?" ಅಂದರು ಮೌನೇಶಪ್ಪ. "ಬರೂದು ಇಂಥವ್ರ. ಪರೀಕ್ಷಾ ಇದರ ಮ್ಯಾಲ ಆಗ್ಲಿ."

ಅದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಪ್ರಾಧ್ಯಾಪಕರ ಬಾಯಲ್ಲೂ ಕೇಳಿರಲಿಲ್ಲ.

ಏಪ್ರಿಲ್ ಕೊನೆಗೆ ತೊಟ್ಟಿಯನ್ನು ಟೆಂಪೋದಲ್ಲಿ ಹುಲ್ಲು ತುಂಬಿ ಸಂಸ್ಥೆಗೆ ತಂದೆವು. ಸಮ ಬಡಿತದ ಗಾಲಿ ಹಾಕಿ, ಉಸಿರಾಟದ ಸರಳನ್ನು ಬಿಚ್ಚಿಟ್ಟು ನೋಡಿದೆವು. ಪರದೆ 'ಮುಟ್ಟಿತು' ಎಂದು ಹಸಿರು ತೋರಿಸಿದಾಗಲೆಲ್ಲ ಬಲ್ಬು ಹೊತ್ತಿತು. ಉಸಿರಾಟ ಸೇರಿಸಿದೆವು. ಆಗಾಗ ಬಲ್ಬು ಕೈಕೊಟ್ಟಿತು. ಕೊನೆಗೆ ಗಂಗವ್ವನ ಗಾಲಿ ಹಾಕಿದೆವು. ಪರದೆ ಹಸಿರು, ಬಲ್ಬು ಕತ್ತಲೆ. ಮತ್ತೆ ಹಸಿರು, ಮತ್ತೆ ಕತ್ತಲೆ. ಚಿತ್ರ ಪರದೆಗೆ ಬರುವಷ್ಟರಲ್ಲಿ ಹೃದಯ ಅಲ್ಲಿರುತ್ತಿರಲಿಲ್ಲ. ಮುಂದಿನ ಬಡಿತ ಯಾವಾಗ ಎಂದು ಯಂತ್ರ ಊಹಿಸುತ್ತಿತ್ತು, ಗಂಗವ್ವನ ನಾಡಿ ಆ ಊಹೆಯನ್ನು ಸುಳ್ಳು ಮಾಡುತ್ತಿತ್ತು. ಒಮ್ಮೆಯಂತೂ ಸೂಜಿ ಗೋಡೆಯ ಆಚೆ ಹೊರಟಿತ್ತು. ಪರದೆ ಹಸಿರಾಗಿಯೇ ಇತ್ತು.

ನನಗೆ ಸಂತೋಷವಾಯಿತು, ನಿಜ ಹೇಳುತ್ತೇನೆ. ಹುಡುಕಬೇಕಾದದ್ದು ಸಿಕ್ಕಿತ್ತು. ಫಲಿತಾಂಶಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡು ವಸಂತ ಸರ್ ಬಳಿಗೆ ಓಡಿದೆ.

ಅವರು ಪುಟ ತಿರುವಿದರು. "ಇದೆಲ್ಲ ಈಗ ಬೇಡಮ್ಮ ಗಿರಿಜಾ. ಮುಂದಿನ ವಾರ ಆಸ್ಪತ್ರೆಯಿಂದ ರೋಗಿಗಳ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಕೊಡೋ ಸಮಿತಿ ಬರ್ತಿದೆ. ಮೊದಲನೇ ಗಾಲಿ ಹಾಕಿ. ಉಸಿರಾಟ ತೆಗೆದುಬಿಡಿ. ವೇಗ ಅರ್ಧ ಇಳಿಸಿ."

"ಸರ್, ಹಾಗೆ ಬಡಿಯುವ ಹೃದಯ ಯಾರಿಗೂ ಇರೋದಿಲ್ಲ."

"ಅದು ಪ್ರದರ್ಶನ. ಪರೀಕ್ಷೆ ಆಮೇಲೆ ಮಾಡ್ಕೊಳ್ಳೋಣ."

ಬಾಗಿಲಲ್ಲಿ ಮೌನೇಶಪ್ಪ ನಿಂತಿದ್ದರು. ಸೋರುತ್ತಿದ್ದ ತೊಟ್ಟಿಯ ಮೂಲೆ ಸರಿಮಾಡಲು ಬಂದವರು. ಒಳಗೆ ಬಂದು ಹೇಳಿದರು: "ಸಾಹೇಬ್ರ, ತಪ್ಪು ಹಿಡಿಯಾಕ ಮಾಡಿಸಿದ್ರಿ. ಹಿಡೀತು. ಈಗ ಅದರ ಕೈ ಕಟ್ಟಂತೀರೇನು?"

ವಸಂತ ಸರ್ ನಕ್ಕರು. "ನೀವು ತುಂಬ ಚೆನ್ನಾಗಿ ಕೆಲಸ ಮಾಡಿದೀರಿ. ಆದ್ರೆ ಇದು ನಿಮ್ಮ ವಿಷಯ ಅಲ್ಲ."

"ನನ್ನ ಹೆಂಡ್ತಿ ವಿಷಯ ಐತಿ."

"ಆ ಗಾಲಿ ಬಿಚ್ಚಿ ಕೊಡಿ, ಅಷ್ಟು ಸಾಕು."

"ನಾ ಬಿಚ್ಚೂದಿಲ್ಲ" ಎಂದರು ಮೌನೇಶಪ್ಪ. ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ, ಬಸ್ ನಿಲ್ದಾಣದ ಕಡೆ ನಡೆದುಹೋದರು.

ಸಮಿತಿ ಬರುವ ದಿನ ಬೆಳಿಗ್ಗೆ ಅದೇ ಸ್ಪ್ಯಾನರನ್ನು ತೆಗೆದುಕೊಂಡು ಗಂಗವ್ವನ ಗಾಲಿಯನ್ನು ಬಿಚ್ಚಿದವಳು ನಾನು. ಕೆಲಸ ಹೊಸದು, ಅಪ್ಪನಿಗೆ ಬರೆದ ಪತ್ರಗಳಲ್ಲಿ ಜಂಬ ಕೊಚ್ಚಿಕೊಂಡಿದ್ದೆ, ಸರ್ ಹೇಳಿದ್ದಾರೆ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಇವತ್ತು ಆ ಒಂದೊಂದು ಕಾರಣದ ಮೇಲೂ ನನಗೆ ಅಸಹ್ಯವಿದೆ. ಅರ್ಧ ವೇಗದಲ್ಲಿ ನಿದ್ದೆಗಣ್ಣಿನ ಹಾಗೆ ಮಿಡಿಯುವ ಹೃದಯದ ಸುತ್ತ ಐದು ಜನ ವೈದ್ಯರು ನಿಂತರು. ಪರದೆ ಹಸಿರಾಯಿತು, ಬಲ್ಬು ಹೊತ್ತಿತು, ಚಪ್ಪಾಳೆ ಬಿತ್ತು. ನಡುವಯಸ್ಸಿನ ಒಬ್ಬ ಶಸ್ತ್ರವೈದ್ಯೆ ಮಾತ್ರ ಚಪ್ಪಾಳೆ ತಟ್ಟದೆ ಕೇಳಿದರು, "ಇದು ಯಾವಾಗಲೂ ಹೀಗೇ ಬಡಿಯುತ್ತಾ?"

ವಸಂತ ಸರ್ "ಹೌದು ಮೇಡಂ" ಅಂದರು. ಆಕೆ ನನ್ನ ಕಡೆ ನೋಡಿದರು. ನಾನು ತೊಟ್ಟಿಯ ನೀರನ್ನು ನೋಡುತ್ತಾ ನಿಂತೆ.

ಜೂನ್‌ನಲ್ಲಿ ವಸಂತ ಸರ್ ಬರೆದ ವರದಿ ಬಂತು. ಸರ್ ಬುದ್ಧಿವಂತರು, ನನ್ನ ಫಲಿತಾಂಶಗಳನ್ನು ಬಚ್ಚಿಡಲಿಲ್ಲ. ನಾಳೆ ಯಾರಾದರೂ ಕೇಳಿದರೆ ಇರಲಿ ಎಂದು ಒಳಗೆಲ್ಲೋ ಸೇರಿಸಿದ್ದರು. ಅದರ ಕೆಳಗೆ ಒಂದು ವಾಕ್ಯ: ಕೆಲವು ಸಂದರ್ಭಗಳಲ್ಲಿ ಸೂಜಿ ಗುರಿ ತಪ್ಪಿದ್ದಕ್ಕೆ ಕಾರಣ ಸ್ಥಳೀಯವಾಗಿ ತಯಾರಿಸಿದ ಹೃದಯ ಮಾದರಿಯ ದೋಷಯುಕ್ತ ಚಲನೆ.

ನಾನು ಅದನ್ನು ಓದಿದೆ. ಅರ್ಥವಾಯಿತು. ಸಹಿ ಮಾಡಿದೆ.

ಮಳೆ ಹಿಡಿದಿತ್ತು. ಎರಡು ವಾರ ಬ್ಯಾಡಗಿಗೆ ಹೋಗಲಿಲ್ಲ. ಆಮೇಲೆ ಮೌನೇಶಪ್ಪನವರೇ ಅಂಗಡಿಯೊಂದರ ಫೋನಿನಿಂದ ಸಂಸ್ಥೆಗೆ ಫೋನ್ ಮಾಡಿದರು. "ವರದಿಯೊಳಗ ಏನ್ ಬರದೀರಿ ಅಕ್ಕಾರ? ಬಂದು ಓದಿ ಹೇಳ್ರಿ. ನಮಗ ಇಂಗ್ಲಿಷ್ ಬರೂದಿಲ್ಲ."

ಹೋದೆ. ಓಣಿಯ ತುಂಬ ಕೆಸರು, ಶೆಡ್ಡಿನ ತಗಡಿನ ಮೇಲೆ ಮಳೆ. ಗಂಗವ್ವ ಚಹಾ ತಂದಿಟ್ಟು ಏದುತ್ತಾ ಗೋಡೆಗೆ ಒರಗಿ ಕುಳಿತರು. ನಾನು ವಾಕ್ಯವನ್ನು ಕನ್ನಡದಲ್ಲಿ ಹೇಳಿದೆ. ಮೆದು ಮಾಡಿ ಹೇಳಲು ನೋಡಿದೆ. 'ದೋಷ' ಎಂಬ ಶಬ್ದ ಮೆದುವಾಗಲಿಲ್ಲ.

ಮೊದಲು ಮಾತಾಡಿದ್ದು ಗಂಗವ್ವ.

"ಆ ಗಾಲಿ ನನ್ನ ನಾಡಿ ನೋಡಿ ಮಾಡಿದ್ದಲ್ಲೇನ?"

"ಹೌದ್ರೀ ಅವ್ವಾರ."

"ಅಂದ್ರ ನನ್ನ ಎದಿನ ತಪ್ಪೈತಿ, ನಿಮ್ಮ ಮಷೀನ್ ಬರೊಬ್ಬರಿ ಐತಿ ಅಂತ ಬರದ್ರಿ."



"ಕೆಳಗ ಸಹಿ ಯಾರ್ದೈತಿ?" ಎಂದು ಕೇಳಿದರು ಮೌನೇಶಪ್ಪ.

"ಸರ್‌ದು. ಮತ್ತ... ನನ್ದು."

ಅವರು ಎದ್ದು ನಿಂತರು. ನನ್ನನ್ನು ಹೊರಗೆ ಹಾಕುತ್ತಾರೆ ಅಂದುಕೊಂಡೆ. ಹಾಕಿದ್ದರೆ ಹಗುರವಾಗುತ್ತಿತ್ತು. ಅವರ ದನಿ ಏರಲೇ ಇಲ್ಲ. "ಅವ್ರು ದೊಡ್ಡ ಮನಷ್ಯಾರು, ಅವ್ರಿಗೆ ಈಕಿ ಯಾರಂತ ಗೊತ್ತಿಲ್ಲ. ನೀವು ಈಕಿ ಕೈ ಹಿಡದು ನೋಡಿದವ್ರು. ನಿಮ್ಮ ಮ್ಯಾಲ ನನಗ ಭಾಳ ಸಿಟ್ಟೈತಿ ಅಕ್ಕಾರ. ಅಳಕೋತ ಕುಂದರಬ್ಯಾಡ್ರಿ, ಅದು ನನಗ ಬೇಕಾಗಿಲ್ಲ. ಆ ಸೂಜಿ ಯಾರರ ಎದಿಗೆ ಹೋಗೂದರೊಳಗ ಏನರ ಮಾಡ್ರಿ."

ಅಲ್ಲೇ, ಅವರ ಕೆಲಸದ ಹಲಗೆಯ ಮೇಲೆ, ಆಸ್ಪತ್ರೆಯ ಸಮಿತಿಗೆ ಪತ್ರ ಬರೆದೆ. ನೋಟುಬುಕ್ಕಿನ ಮೂಲ ಫಲಿತಾಂಶಗಳನ್ನು ನಕಲು ಮಾಡಿ ಸೇರಿಸಿದೆ. ಮಾದರಿಯಲ್ಲಿ ದೋಷವಿರಲಿಲ್ಲ, ಅದು ಕಾಯಿಲೆಯ ಹೃದಯ ಬಡಿಯುವ ಹಾಗೇ ಬಡಿದಿದೆ, ಪ್ರದರ್ಶನದ ದಿನ ಗಾಲಿ ಬದಲಿಸಿ ವೇಗ ಇಳಿಸಲಾಗಿತ್ತು ಎಂದೆಲ್ಲ ಬರೆದು, ಓದಿ ಹೇಳಿದೆ.

"ಬದಲಿಸಲಾಗಿತ್ತು ಅಂದ್ರ ಯಾರು ಬದಲಿಸಿದ್ರು?" ಅಂದರು ಮೌನೇಶಪ್ಪ.

ಆ ವಾಕ್ಯ ಹೊಡೆದು ಹಾಕಿ, 'ನಾನು ಬದಲಿಸಿದೆ' ಎಂದು ಬರೆದೆ.

ಪತ್ರ ಹೋದ ಹತ್ತು ದಿನಕ್ಕೆ ವಸಂತ ಸರ್ ನನ್ನನ್ನು ಕರೆದರು. ಮೊದಲ ಬಾರಿಗೆ ಅವರ ಮೆತ್ತನೆಯ ದನಿ ಹರಿದುಹೋಗಿತ್ತು.

"ಒಬ್ಬ ಮೆಣಸಿನಕಾಯಿ ಯಂತ್ರದ ಮೇಸ್ತ್ರಿ ಮಾತು ಕೇಳಿ ಮೂರು ವರ್ಷದ ಕೆಲಸ ಹಾಳು ಮಾಡಿದ್ರಲ್ರೀ!"

"ಹಾಳು ಮಾಡಿದ್ದು ಅವರಲ್ಲ ಸರ್. ಅವರು ತೋರಿಸಿದ್ರು. ನೀವು ಮುಚ್ಚಿದ್ರಿ. ನಾನು ಸಹಿ ಮಾಡಿದೆ."

"ಸಣ್ಣ ವಿಷಯ ಅದು! ಆಮೇಲೆ ಸರಿಮಾಡಬಹುದಿತ್ತು."

"ಯಾವಾಗ ಸರ್? ಎಷ್ಟನೇ ರೋಗಿ ಆದ ಮೇಲೆ?"

ಅವರು ಬಾಗಿಲು ತೋರಿಸಿದರು. ಮೇಜಿನ ಮೇಲಿದ್ದ ನನ್ನ ಊಟದ ಡಬ್ಬಿ ತೆಗೆದುಕೊಂಡು ಹೊರಬಿದ್ದೆ. ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುತ್ತಾ ಜೋರಾಗಿ ಬೈದೆ. ಗುತ್ತಲದ ಸಂತೆಯಲ್ಲಿ ಕೇಳಿ ಕಲಿತಿದ್ದ ಬೈಗುಳಗಳನ್ನೆಲ್ಲ, ಒಂದನ್ನೂ ಬಿಡದೆ. ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು, "ಬೈಯವ್ವಾ, ಬೈ. ಎದಿಯೊಳಗ ಇಟ್ಕೋಬ್ಯಾಡ" ಅಂದಳು.

ಶ್ರಾವಣದಲ್ಲಿ ಆ ಶಸ್ತ್ರವೈದ್ಯೆ ಒಬ್ಬರೇ ಬಂದರು. ಮೊದಲು ಸಂಸ್ಥೆಗೆ ಹೋಗಿ ತೊಟ್ಟಿಯನ್ನೂ ಪರದೆಯ ಯಂತ್ರವನ್ನೂ ಆಸ್ಪತ್ರೆಯ ವಶಕ್ಕೆ ಪಡೆದು, ವ್ಯಾನಿನಲ್ಲಿ ಹಾಕಿಸಿಕೊಂಡು ನೇರ ಬ್ಯಾಡಗಿಯ ಶೆಡ್ಡಿಗೆ. ನನ್ನನ್ನೂ ಅಲ್ಲಿಗೆ ಕರೆಸಿದ್ದರು. ಮೌನೇಶಪ್ಪ ತೊಟ್ಟಿಯ ಜೊತೆಗೇ ಬಂದಿದ್ದ ಗಂಗವ್ವನ ಗಾಲಿಯನ್ನು ಮತ್ತೆ ಕೂಡಿಸಿದರು. ವೈದ್ಯೆ ಸೀರೆಯ ಸೆರಗು ಸಿಕ್ಕಿಸಿ, ತಾವೇ ಸೂಜಿ ಹಿಡಿದು, ಮಧ್ಯಾಹ್ನವಿಡೀ ಚುಚ್ಚಿದರು. ಪರದೆ ಹಸಿರು, ಬಲ್ಬು ಕತ್ತಲೆ. ಆಕೆಯ ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. ಕೊನೆಗೆ ಸೂಜಿ ಕೆಳಗಿಟ್ಟು, "ಮುಂದಿನ ತಿಂಗಳು ಮೊದಲನೇ ರೋಗಿಗೆ ದಿನ ಗೊತ್ತು ಮಾಡಿದ್ವಿ" ಅಂದರು. ಆಮೇಲೆ ಅವರು ಗಂಗವ್ವನ ಕಡೆ ತಿರುಗಿ, 'ಕೈ ನೀಡಿ' ಎಂದು ನಾಡಿ ಹಿಡಿದು, ತೊಟ್ಟಿಯನ್ನು ನೋಡಿದರು. ಎರಡನ್ನೂ ಹೋಲಿಸಿ ತಲೆಯಾಡಿಸಿದರು.

ಆ ಪ್ರಯೋಗ ನಿಂತಿತು. 'ತಾಂತ್ರಿಕ ಕಾರಣಗಳಿಂದ' ಎಂದು ಬರೆದರಂತೆ. ಯಾರ ಹೆಸರೂ ಬರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ವಸಂತ ಸರ್ ವರ್ಷದೊಳಗೆ ಬೇರೊಂದು ದೊಡ್ಡ ಸಂಸ್ಥೆಗೆ ಹೋದರು. ಮುಂದೆ ಅದೇ ವೈದ್ಯೆ ಗಂಗವ್ವನಿಗೆ ಹಳೆಯ ಪದ್ಧತಿಯಲ್ಲೇ, ಎದೆ ತೆರೆದು, ಕವಾಟ ಬದಲಿಸಿದರು. ಗಂಗವ್ವ ಇನ್ನೂ ಹತ್ತಾರು ವರ್ಷ ಇದ್ದರು. ಯಂತ್ರವನ್ನು ತಿದ್ದುವ ಕೆಲಸ ಆಸ್ಪತ್ರೆಯಲ್ಲೇ ಹೊಸದಾಗಿ ಶುರುವಾಯಿತು.

ಅದಕ್ಕಾಗಿ ದಸರೆಯ ಹೊತ್ತಿಗೆ ಆಸ್ಪತ್ರೆಯಿಂದ ಮೌನೇಶಪ್ಪನವರಿಗೆ ಪತ್ರ ಬಂತು: ಇಂಥವೇ ಇನ್ನೆರಡು ಹೃದಯ ಮಾಡಿಕೊಡಿ. ಅವರು ನನ್ನ ಕೈಯಲ್ಲಿ ಉತ್ತರ ಬರೆಸಿದರು. ಮಾಡುತ್ತೇನೆ, ಮೊದಲು ಆ ವರದಿಯ ದೋಷದ ವಾಕ್ಯ ತೆಗೆದು, ಮಾದರಿ ಸರಿಯಾಗಿತ್ತು ಎಂದು ಒಂದು ಕಾಗದ ಕಳಿಸಿ. ಆಸ್ಪತ್ರೆಯವರು ವಿನಯದಿಂದ ಬರೆದರು: ವರದಿ ಸಂಸ್ಥೆಯದು, ಅದನ್ನು ತಿದ್ದುವ ಅಧಿಕಾರ ನಮಗಿಲ್ಲ, ದಯವಿಟ್ಟು ಕೆಲಸ ಆರಂಭಿಸಿ. ಆ ವರದಿಯ ಮೊದಲ ಪುಟದಲ್ಲಿ ಆಸ್ಪತ್ರೆಯ ಹೆಸರೂ ಇತ್ತು. ವೈದ್ಯೆ ಒಳಗಿನಿಂದ ಎರಡು ಸಲ ಕೇಳಿ ನೋಡಿದರಂತೆ. ಆಗಲಿಲ್ಲ.

ಮೂರನೆಯ ಪತ್ರ ಬಂದಾಗ ನಾನೇ ಸೋತೆ. "ಹೋಗ್ಲಿ ಬಿಡ್ರಿ, ಮಾಡಿ ಕೊಡ್ರಿ. ಎಷ್ಟೋ ಮಂದಿಗೆ ಚಲೋ ಆಗತೈತಿ."

ಮೌನೇಶಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಹೇಳಿದರು: "ಒಂದ್ ಸಾಲು ಖರೇ ಬರ್ಯಾಕ ಆಗವಲ್ದು ಅಂದ್ರ, ನಾ ಮಾಡಿದ್ದನ್ನ ನಾಳಿ ಮತ್ತ ಎದಕ್ಕ ಹಚ್ತಾರೋ ಯಾರಿಗೆ ಗೊತ್ರಿ ಅಕ್ಕಾರ? ತಪ್ಪು ತೋರಿಸಿದ್ರ ತೋರಿಸಿದವ್ರದ ತಪ್ಪು ಅನ್ನೂ ಮಂದಿಗೆ ಎಷ್ಟ್ ಹೃದಯ ಮಾಡಿಕೊಟ್ರೂ ಸಾಲೂದಿಲ್ಲ."

ಆಗ ಅವರದು ಅತಿಯಾದ ಹಠ ಅನ್ನಿಸಿತ್ತು. ಈಗ ಅನ್ನಿಸುವುದಿಲ್ಲ. ಅವರು ಕೇಳಿದ್ದು ಒಂದು ಸಾಲು, ಅದೂ ನಿಜವಾದದ್ದು. ಅದನ್ನು ಕೊಡಲು ಸಂಸ್ಥೆಯಲ್ಲಾಗಲಿ ಆಸ್ಪತ್ರೆಯಲ್ಲಾಗಲಿ ಒಬ್ಬರಿಗೂ ಅಧಿಕಾರವಿರಲಿಲ್ಲ. ಸುಳ್ಳು ಬರೆಯುವಾಗ ಎಲ್ಲರಿಗೂ ಇತ್ತು, ನನಗೂ ಇತ್ತು.

ಆ ಮೂರನೆಯ ಪತ್ರದ ಹಿಂಬದಿಯಲ್ಲೇ ನಾನು ಉತ್ತರ ಬರೆದೆ: ಮೊದಲು ವಾಕ್ಯ, ಆಮೇಲೆ ಹೃದಯ. ಮೌನೇಶಪ್ಪ ಒತ್ತಿ ಒತ್ತಿ ಕನ್ನಡದಲ್ಲಿ ಸಹಿ ಮಾಡಿದರು. ಅದರ ಕೆಳಗೆ ನಾನು ಮಾಡಿದೆ. ಗಂಗವ್ವ ತನ್ನದೂ ಇರಲಿ ಎಂದು ಹೆಬ್ಬೆಟ್ಟು ಒತ್ತಿದರು. ಮಳೆ ನಿಂತಿದ್ದ ಆ ಸಂಜೆ ಅದನ್ನು ಬ್ಯಾಡಗಿಯ ಅಂಚೆ ಡಬ್ಬಿಗೆ ಹಾಕಿ ಬಂದೆ.

ಉತ್ತರ ಬರಲಿಲ್ಲ. ಆ ಎರಡು ಹೃದಯಗಳನ್ನು ಮೌನೇಶಪ್ಪ ಮಾಡಲಿಲ್ಲ.